ವೀಳ್ಯದೆಲೆ ತರಕಾರಿಯಾ?

ಎಲೆ ವ್ಯಾಪಾರ ಮಾಡುವ ಕಕ್ಷಿದಾರರೊಬ್ಬರು ಮೊನ್ನೆ ದಾವಣಗೆರೆ ಕೋರ್ಟ್ ಆವರಣದಲ್ಲಿ ಬಾಡಿಗೆ ಕರಾರು ಹಿಡಿದು ನಿಂತಿದ್ದರು. ಮಳಿಗೆ ಕೊಟ್ಟಿದ್ದು 'ಎಲೆ, ಅಡಿಕೆ, ಹೂವು, ಹಣ್ಣು ಮತ್ತು ಇತರೆ ವಸ್ತುಗಳ' ಮಾರಾಟಕ್ಕೆ. ಇವರು ಮಗನಿಗೆ ಅಂತ ಅಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಮಾಲೀಕರು ಖಾಲಿ ಮಾಡಿ ಅನ್ನುತ್ತಿದ್ದಾರೆ. "ಇತರೆ ಅಂದ್ರೆ ಎಲ್ಲಾ ಬಂತು, ಅಲ್ವಾ ಸಾರ್?"

ಬರಲ್ಲ. ಒಂದೇ ಬಗೆಯ ಪದಗಳು ಸಾಲಾಗಿ ಬಂದು ಕೊನೆಗೆ 'ಇತರೆ' ಇದ್ದರೆ, ಅದೂ ಅದೇ ಬಗೆಯದು ಅಂತ ಕೋರ್ಟ್‌ಗಳು ಸಾಮಾನ್ಯವಾಗಿ ಓದುತ್ತವೆ. 'ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ ಇತ್ಯಾದಿ' ಅಂತ ಬೋರ್ಡ್ ನೋಡಿ ಯಾರೂ ಒಳಗೆ ಹೋಗಿ ಸೋಪು ಕೇಳುವುದಿಲ್ಲ.

ಅವರ ಮುಖ ಸಣ್ಣದಾಯಿತು. ಸಮಾಧಾನಕ್ಕೆ ಎಲೆಯದೇ ಕಥೆ ಹೇಳಿದೆ. ಅಕೋಲಾದ ವ್ಯಾಪಾರಿಯೊಬ್ಬರು ವೀಳ್ಯದೆಲೆಯೂ ತರಕಾರಿ, ಅದಕ್ಕೆ ಮಾರಾಟ ತೆರಿಗೆ ಬೇಡ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋದರು. ನಿಘಂಟು ಅವರ ಕಡೆಗಿತ್ತು. 'ವೆಜಿಟೆಬಲ್' ಅಂದರೆ ಗಿಡಬಳ್ಳಿಯಿಂದ ಬಂದದ್ದೆಲ್ಲ ಅಂತಲೂ ಅರ್ಥ ಇದೆಯಲ್ಲ. 1961ರಲ್ಲಿ ಕೋರ್ಟ್ ಒಪ್ಪಲಿಲ್ಲ. ಜನ ದಿನಾ ಆಡುವ ಮಾತಿನಲ್ಲಿ ತರಕಾರಿ ಅಂದರೆ ಊಟಕ್ಕೆ ಬೆಳೆದದ್ದು. ನನಗೆ ಜಾಸ್ತಿ ಇಷ್ಟವಾದ ಕಾರಣ ಇನ್ನೊಂದು. ವಿನಾಯಿತಿ ಪಟ್ಟಿಯಲ್ಲಿ ಮೊದಲು ತರಕಾರಿ, ವೀಳ್ಯದೆಲೆ ಎರಡೂ ಬೇರೆ ಬೇರೆ ಇದ್ದವು. ಆಮೇಲೆ ಎಲೆಯನ್ನು ತೆಗೆದುಹಾಕಿದರು. ಎಲೆಯೂ ತರಕಾರಿಯೇ ಆಗಿದ್ದರೆ ಮೊದಲು ಬೇರೆ ಬರೆದದ್ದೇಕೆ, ಆಮೇಲೆ ತೆಗೆದದ್ದೇಕೆ?

ಪದವನ್ನು ಇದ್ದಂತೆ ಓದು ಅನ್ನುತ್ತಾರೆ. ಯಾರ ಬಾಯಲ್ಲಿ ಇದ್ದಂತೆ ಅನ್ನುವುದೇ ಜಗಳ. ಅದೂ ಬಗೆಹರಿಯದಿದ್ದರೆ, ಯಾವ ತೊಂದರೆಗೆ ಮದ್ದಾಗಿ ಈ ಕಾಯ್ದೆ ಬಂತು ಅಂತ ಕೋರ್ಟ್ ಕೇಳುತ್ತದೆ. ಇದು ಇಂಗ್ಲೆಂಡಿನ 1584ರ ಸೂತ್ರ. ಈಗಲೂ ಸವೆದಿಲ್ಲ.

ಸಂವಿಧಾನ ಓದುವಾಗ ಕೈ ಇನ್ನೂ ಸಡಿಲ. ಕಾನೂನು ಗೊತ್ತುಮಾಡಿದ ಕ್ರಮದಂತಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದು ಅನ್ನುತ್ತದೆ 21ನೇ ವಿಧಿ. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಗೋಪಾಲನ್ ಅವರ 1950ರ ಪ್ರಕರಣದಲ್ಲಿ, ಶಾಸನ ಒಂದು ಕ್ರಮ ಹೇಳಿದ್ದರೆ ಸಾಕು ಅಂದರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು. 1978ರಲ್ಲಿ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂದರು. ವಿಧಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

"ಅದನ್ನ ಹಿಗ್ಗಿಸಿ ಓದ್ತಾರೆ, ನನ್ನ ಕರಾರು ಯಾಕಿಲ್ಲ?" ಅಂದರು. ಒಳ್ಳೆ ಪ್ರಶ್ನೆ. ಸಂವಿಧಾನ ಇನ್ನೂ ಹುಟ್ಟದವರಿಗೂ ಸೇರಿದ್ದು. ಕರಾರು ಇಬ್ಬರದೇ ಮಾತು, ಒಪ್ಪಿದರೆ ನಾಳೆಯೇ ಹೊಸದು ಬರೆಯಬಹುದು ಅಂದೆ.

ಸುಮ್ನೆ ಸ್ವಲ್ಪ ಹೊತ್ತು ನಿಂತರು. ಆಮೇಲೆ, ಹೊಸದು ಬರೆಯೋಕೆ ಫೀಸ್ ಎಷ್ಟು ಅಂತ ಕೇಳಿದರು.