ಕಾಸರಕದ ಬೀಜ ತಿಂದು ಓಡಿದವನು

ಕಾಸರಕನ ಮರವನ್ನು ಕರಾವಳಿ, ಮಲೆನಾಡಿನ ಕಡೆಯವರು ನೋಡಿಯೇ ಇರುತ್ತೀರಿ. ಕಿತ್ತಳೆ ಬಣ್ಣದ ದುಂಡನೆಯ ಹಣ್ಣು. ಒಡೆದರೆ ಒಳಗೆ ಕೋಟಿನ ಗುಂಡಿಯಂಥ ಚಪ್ಪಟೆ ಬೀಜ. ಮುಟ್ಟಿದರೆ ರೇಷ್ಮೆಯಂತೆ ನುಣುಪು. ಆ ಬೀಜದಲ್ಲಿರುವ ವಿಷದ ಹೆಸರು ಸ್ಟ್ರಿಕ್ನೀನ್. 1904ರಲ್ಲಿ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವನ ಹೊಟ್ಟೆಯಲ್ಲಿ ಇದ್ದದ್ದು ಇದೇ ವಿಷ.

ಹೊಸ ಕಾಲದ ಒಲಿಂಪಿಕ್ಸ್ ಶುರುವಾಗಿ ಆಗ ಎಂಟೇ ವರ್ಷ. 1896ರಲ್ಲಿ ಅಥೆನ್ಸ್, 1900ರಲ್ಲಿ ಪ್ಯಾರಿಸ್, ಮೂರನೆಯದು ಅಮೆರಿಕದ ಸೇಂಟ್ ಲೂಯಿಸ್. ಅಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆದಿತ್ತು. ಅದರ ಜೊತೆಗೇ ಕ್ರೀಡಾಕೂಟವನ್ನೂ ಸೇರಿಸಿಕೊಂಡರು. ಅಷ್ಟು ದೂರ ಹೋಗಬೇಕಲ್ಲ ಎಂದು ಯುರೋಪಿನವರು ಜಾಸ್ತಿ ಬರಲಿಲ್ಲ.

ಆಗಸ್ಟ್ 30, ಮಧ್ಯಾಹ್ನ ಮೂರು ಗಂಟೆ. ಬಿಸಿಲು 32 ಡಿಗ್ರಿ ಆಸುಪಾಸು. ಸುಮಾರು 40 ಕಿಲೋಮೀಟರ್ ಓಡಲು 32 ಮಂದಿ ಹೊರಟರು. ಏರು ಇಳಿವಿನ ಮಣ್ಣಿನ ರಸ್ತೆ, ಸುತ್ತಮುತ್ತ ಕುದುರೆ, ಕಾರು ಎಬ್ಬಿಸಿದ ದೂಳು. ವಿಲಿಯಂ ಗಾರ್ಸಿಯಾ ಎಂಬ ಓಟಗಾರ ಆ ದೂಳು ನುಂಗಿ ನುಂಗಿ, ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ದಾರಿಯಲ್ಲೇ ಬಿದ್ದ. ಅವನು ಉಳಿದದ್ದೇ ಹೆಚ್ಚು.

ನೀರು? ಅರ್ಧ ದಾರಿಯ ಹತ್ತಿರ ಒಂದು ಬಾವಿ, ಅದು ಬಿಟ್ಟರೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಇದು ಮರೆತು ಆದ ಎಡವಟ್ಟಲ್ಲ. ಬಾಯಾರಿಕೆ ಓಟಗಾರನನ್ನು ಏನು ಮಾಡುತ್ತದೆ ಎಂದು ನೋಡುವ ಆಸೆ ಸಂಘಟಕ ಜೇಮ್ಸ್ ಸಲಿವನ್‌ಗೆ ಇತ್ತು. ಓಡುವಾಗ ನೀರು ಕುಡಿಯಬಾರದು ಎಂಬ ನಂಬಿಕೆಯೂ ಆಗ ಇತ್ತು.

ಮಣ್ಣಿನ ಮಡಕೆ ನೀರನ್ನು ಹೇಗೆ ತಂಪಾಗಿಡುತ್ತದೆ? ಹೊರಗೆ ಜಿನುಗಿದ ನೀರು ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ನಮ್ಮ ಬೆವರಿನ ಕೆಲಸವೂ ಅದೇ. ಓಡುವವನ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಓಟಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಬಿಸಿ. ಅದನ್ನು ಹೊರಹಾಕಲು ಬೆವರು ಬೇಕು, ಬೆವರಿಗೆ ನೀರು ಬೇಕು. ನೀರು ಕಡಿಮೆಯಾದರೆ ರಕ್ತವೂ ಕಡಿಮೆಯಾಗುತ್ತದೆ, ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ಮೈ ಕಾಯುತ್ತಾ ಹೋಗುತ್ತದೆ.

ಕೊನೆಗೆ ಗೆದ್ದ ಥಾಮಸ್ ಹಿಕ್ಸ್ ಇದನ್ನೆಲ್ಲ ಅನುಭವಿಸಿದ. ನೀರು ಕೊಡಿ ಎಂದು ಬೇಡಿದ. ಜೊತೆಗಿದ್ದವರು ಬಾಯಿಯನ್ನಷ್ಟೇ ಒದ್ದೆ ಮಾಡಿದರು. ಅವನ ಮೈ ಒರೆಸಲು ಮಾತ್ರ ಅವರ ಹತ್ತಿರ ಬಿಸಿನೀರು ಇತ್ತು! ಕೊನೆಯ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಮೊಟ್ಟೆಯ ಬಿಳಿ ಲೋಳೆಯಲ್ಲಿ ಒಂದು ಮಿಲಿಗ್ರಾಂನಷ್ಟು ಸ್ಟ್ರಿಕ್ನೀನ್ ಕೊಟ್ಟರು. ಆಮೇಲೆ ಇನ್ನೊಂದು ಸಲ, ಬ್ರಾಂದಿಯ ಜೊತೆ.

ಈ ವಿಷ ಶಕ್ತಿ ಕೊಡುವುದಿಲ್ಲ. ನಿಮ್ಮ ಮೊಣಕೈ ಮಡಚಿ ನೋಡಿ. ತೋಳಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ, ಹಿಂದಿನದು ಸಡಿಲವಾಗುತ್ತದೆ. ಹಿಂದಿನದಕ್ಕೆ ಸುಮ್ನಿರು ಎನ್ನುವ ಸಂದೇಶವನ್ನು ಬೆನ್ನುಹುರಿಯಲ್ಲಿ ಗ್ಲೈಸಿನ್ ಎಂಬ ರಾಸಾಯನಿಕ ಮುಟ್ಟಿಸುತ್ತದೆ. ಸ್ಟ್ರಿಕ್ನೀನ್ ಹೋಗಿ ಗ್ಲೈಸಿನ್ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ. ಆಗ ಎರಡೂ ಸ್ನಾಯು ಒಟ್ಟಿಗೆ ಎಳೆಯುತ್ತವೆ. ಸ್ವಲ್ಪವೇ ಹೋದರೆ ಮೈ ಚುರುಕಾದಂತೆ ಅನ್ನಿಸಬಹುದು. ಜಾಸ್ತಿಯಾದರೆ ಸೆಟೆತ ಬಂದು, ಎದೆಯ ಸ್ನಾಯುಗಳೂ ಬಿಗಿದು, ಉಸಿರು ನಿಲ್ಲುತ್ತದೆ. ಬಸವಳಿದ ಮನುಷ್ಯನಿಗೆ ಅವರು ಕೊಟ್ಟದ್ದು ಇಂಥದ್ದನ್ನು.

ಕ್ರೀಡಾಂಗಣಕ್ಕೆ ಮೊದಲು ಬಂದವನು ಫ್ರೆಡ್ ಲಾರ್ಜ್. ಅವನು ಒಂದಷ್ಟು ದೂರ ಕಾರಿನಲ್ಲಿ ಬಂದಿದ್ದು ಗೊತ್ತಾಗಿ ಹೊರಹಾಕಿದರು. ಹಿಕ್ಸ್‌ನನ್ನು ಎರಡೂ ಕಡೆ ಹಿಡಿದುಕೊಂಡು ಗೆರೆ ದಾಟಿಸಿದರು. ಸಮಯ 3 ಗಂಟೆ 28 ನಿಮಿಷ 53 ಸೆಕೆಂಡ್. ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವರಲ್ಲಿ ಇಷ್ಟು ನಿಧಾನ ಓಡಿದವರು ಇನ್ನೊಬ್ಬರಿಲ್ಲ. ಓಟ ಮುಗಿಸಿದವರು ಬರೀ 14 ಮಂದಿ.

ನನಗೆ ಹೆಚ್ಚು ನೋವಾಗುವುದು ಆಮೇಲಿನ ಮಾತಿಗೆ. ಹಿಕ್ಸ್ ಜೊತೆ ಕಾರಿನಲ್ಲಿ ಬಂದಿದ್ದ ಚಾರ್ಲ್ಸ್ ಲ್ಯೂಕಸ್, ಓಟಗಾರರಿಗೆ ಔಷಧಿಗಳಿಂದ ತುಂಬ ಪ್ರಯೋಜನವಿದೆ ಎಂಬುದನ್ನು ಈ ಓಟ ತೋರಿಸಿಕೊಟ್ಟಿತು ಎಂದೇ ಬರೆದ. ಆ ಮಧ್ಯಾಹ್ನ ಹಿಕ್ಸ್‌ನ ತೂಕ ಮೂರೂವರೆ ಕಿಲೋಗಿಂತ ಜಾಸ್ತಿ ಇಳಿದಿತ್ತು. ಅದರಲ್ಲಿ ಬಹುಪಾಲು ನೀರೇ.