ಚೇಗು ಮರದ ಜೀವವಲ್ಲ

ರಸ್ತೆ ಅಗಲಿಸಲು ಹಳೆಯ ಹುಣಸೆಮರಗಳನ್ನು ಉರುಳಿಸಿದಾಗಲೆಲ್ಲ 'ಚೇಗು ಪೊಳ್ಳಾಗಿತ್ತು, ಮರ ಆಗಲೇ ಸತ್ತಿತ್ತು' ಎಂಬ ಸಮಜಾಯಿಷಿ ಕೇಳಿಬರುತ್ತದೆ. ಮೈತುಂಬ ಎಲೆ, ಕಾಯಿ ಹೊತ್ತಿದ್ದ ಮರದ ಬಗ್ಗೆಯೂ ಇದೇ ಮಾತು ಬರುವುದರಿಂದ ಈ ಪದವನ್ನು ಒಮ್ಮೆ ಬಿಡಿಸಿ ನೋಡುವುದು ಅಗತ್ಯವಾಗಿದೆ.

ಕಾಂಡದ ಒಳಗೆ ಬಣ್ಣಗಟ್ಟಿ ಬಲಿತಿರುವ ಭಾಗವೇ ಚೇಗು. ತೆಲುಗಿನ ಚೇವ, ತಮಿಳಿನ ಸೇಗು ಇದರ ಒಡಹುಟ್ಟುಗಳು. ತೆಲುಗಿನಲ್ಲಿ ಚೇವ ಎಂದರೆ ಕಸುವು ಎಂದೂ ಅರ್ಥವಾಗುತ್ತದೆ. ತಮಿಳರು ಇದೇ ಭಾಗವನ್ನು ವೈರ, ಅಂದರೆ ವಜ್ರ, ಎಂದೂ ಕರೆಯುತ್ತಾರೆ. ಈ ಪದಗಳೆಲ್ಲ ಹೇಳುವುದು ಗಟ್ಟಿತನವನ್ನೇ ಹೊರತು ಜೀವವನ್ನಲ್ಲ. ಇಂಗ್ಲಿಷಿನ 'ಹಾರ್ಟ್‌ವುಡ್' ಎಂಬ ಪದವನ್ನು ಹಿಡಿದು ಇದನ್ನು 'ಮರದ ಹೃದಯ' ಎಂದು ಬರೆಯತೊಡಗಿದ ಮೇಲೆ, ಅದು ನಿಂತರೆ ಮರವೂ ಸಾಯುತ್ತದೆ ಎಂಬ ಭಾವನೆಗೆ ಇಂಬು ಸಿಕ್ಕಿತು.

ವಾಸ್ತವ ತದ್ವಿರುದ್ಧ. ಬೇರಿನ ನೀರು ಮೇಲೇರುವುದು ಚೇಗಿನ ಸುತ್ತಲಿರುವ ಬಿಳಿಯ ಭಾಗದಲ್ಲಿ. ಎಲೆ ತಯಾರಿಸಿದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲಿ. ಮರ ದಪ್ಪವಾದಂತೆ ಬಿಳಿಯ ಭಾಗದ ಒಳಸುತ್ತುಗಳ ಜೀವಕೋಶಗಳು ಸಾಯುತ್ತವೆ, ನೀರಿನ ನಾಳಗಳು ಮುಚ್ಚಿಕೊಳ್ಳುತ್ತವೆ, ಒಗರು, ರಾಳ, ಎಣ್ಣೆಯಂಥ ಪದಾರ್ಥಗಳು ಅಲ್ಲಿ ತುಂಬಿಕೊಳ್ಳುತ್ತವೆ. ಹೀಗೆ ಸತ್ತ ಭಾಗವೇ ಚೇಗು. ಆದ್ದರಿಂದಲೇ ಒಳಗೆಲ್ಲ ಪೊಟರೆಯಾದ ಮರವೂ ವರ್ಷವರ್ಷವೂ ಚಿಗುರುತ್ತದೆ, ಒಳಗು ಗಟ್ಟಿಯಿದ್ದರೂ ಸುತ್ತಲೂ ಉಂಗುರದಂತೆ ತೊಗಟೆ ಸುಲಿದ ಮರ ಸಾಮಾನ್ಯವಾಗಿ ಒಣಗುತ್ತದೆ. ಪೊಟರೆಯ ಮರ ಬಿರುಗಾಳಿಗೆ ನಿಂತೀತೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಪರೀಕ್ಷಿಸಿ ಹೇಳಬೇಕು, ಸತ್ತಿದೆ ಎಂದು ಘೋಷಿಸಿಯಲ್ಲ.

ಬೆಲೆಯಿರುವುದೂ ಈ ಸತ್ತ ಭಾಗಕ್ಕೇ. ಶ್ರೀಗಂಧದ ಬಿಳಿಯ ಭಾಗಕ್ಕೆ ವಾಸನೆಯಿಲ್ಲ, ಎಣ್ಣೆಯಿರುವುದು ಚೇಗಿನಲ್ಲಿ. ಅದು ಬೇರಿನಲ್ಲೂ ಹೇರಳವಾಗಿರುವುದರಿಂದ ಗಂಧದ ಮರವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಕೀಳುತ್ತಾರೆ. ರಕ್ತಚಂದನದ ಕೆಂಪು, ಹಲಸಿನ ಹಳದಿ, ಬೀಟೆಯ ಕಪ್ಪುಛಾಯೆ ಎಲ್ಲವೂ ಚೇಗಿನವು. ತೇಗದ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಪಿಷ್ಟವಿರುವ ಅದರ ಬಿಳಿಯ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ಹಾಗಿರುವಾಗ, ಬೇಗ ದಪ್ಪವಾಗಿ ಬೆಳೆದ ಎಳೆಯ ತೇಗವನ್ನು ಬರೀ ಸುತ್ತಳತೆ ನೋಡಿ 'ಅಪ್ಪಟ ತೇಗ' ಎಂದು ಮಾರುವವರ ಲೆಕ್ಕದಲ್ಲಿ ಚೇಗು ಎಷ್ಟಿದೆ ಎಂಬ ಪ್ರಶ್ನೆಯೇ ಇರುವುದಿಲ್ಲ. ಬೂರುಗ, ಹಾಲೆಯಂಥ ಮರಗಳಲ್ಲಂತೂ ಒಳಗು ಹೊರಗು ಒಂದೇ ಬಣ್ಣ.

'ತೆಂಗಿನ ಚೇಗು' ಎಂಬ ಪ್ರಯೋಗವನ್ನೂ ಕಂಡಿದ್ದೇನೆ. ತೆಂಗು, ಅಡಿಕೆ, ಬಗನಿಗಳಿಗೆ ಚೇಗೇ ಇಲ್ಲ. ಅವುಗಳ ಗಟ್ಟಿ ಭಾಗ ಹೊರಗಿದ್ದು ನಡುವೆ ಮೆದು ತಿರುಳಿರುತ್ತದೆ. ಅಡಿಕೆ ಮರವನ್ನು ಸೀಳಿ ಆ ತಿರುಳನ್ನು ಕೆತ್ತಿ ತೆಗೆದರೆ ನೀರು ಹಾಯಿಸುವ ದಂಬೆ ಸಿದ್ಧವಾಗುತ್ತದೆ.