ನಕ್ಷತ್ರದ ಗಾಳಿ ಮತ್ತು ಖಾಲಿ ಜಾಗಗಳು

ನಿಹಾರಿಕೆಯ, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡದ, ಫೋಟೊ ಕಂಡರೆ ಎಲ್ಲರೂ ಬಣ್ಣದ ಬಗ್ಗೆ ಕೇಳುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಖಾಲಿ ಜಾಗದ ಕಡೆಗೆ. ರೋಸೆಟ್ ನಿಹಾರಿಕೆಯ ನಟ್ಟನಡುವೆ ದೊಡ್ಡ ತೂತಿದೆ. ಅಲ್ಲಿದ್ದ ಅನಿಲ ಸುಮ್ನೆ ಮಾಯವಾಗಿಲ್ಲ. ಒಳಗೆ ಹುಟ್ಟಿದ ಬಿಸಿ ನಕ್ಷತ್ರಗಳೇ ಅದನ್ನು ಹೊರಗೆ ತಳ್ಳಿವೆ.

ನಕ್ಷತ್ರದಿಂದ ಹೊರಚಿಮ್ಮುವ ಕಣಗಳ ಹರಿವನ್ನು ನಾವು ಗಾಳಿ ಎನ್ನುತ್ತೇವೆ. ಇಂಥ ಗಾಳಿ ಸೂರ್ಯನಿಂದಲೂ ಬೀಸುತ್ತದೆ, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ. ಆದರೆ ಅದು ತೀರಾ ತೆಳು. ಸೂರ್ಯನಿಗಿಂತ 20-30 ಪಟ್ಟು ತೂಕದ, ಮೇಲ್ಮೈ ಬಿಸಿಯೇ 30,000 ಡಿಗ್ರಿ ದಾಟಿದ ಎಳೆಯ ನಕ್ಷತ್ರಗಳ ಗಾಳಿ ಸೆಕೆಂಡಿಗೆ 2,000 ಕಿ.ಮೀ. ಆಸುಪಾಸಿನಲ್ಲಿ ಓಡುತ್ತದೆ. ಇವುಗಳಲ್ಲಿ ಜೋರಾಗಿರುವವು ಹತ್ತು ಲಕ್ಷ ವರ್ಷಗಳಲ್ಲಿ ಒಬ್ಬ ಸೂರ್ಯನಷ್ಟು ವಸ್ತುವನ್ನೇ ಹೊರಗೆ ಊದಿಬಿಡುತ್ತವೆ.

ಈ ಗಾಳಿಯನ್ನು ಓಡಿಸುವುದು ಬೆಳಕು! ನಕ್ಷತ್ರದ ಹೊರಪದರದಲ್ಲಿ ಕಾರ್ಬನ್, ನೈಟ್ರೋಜನ್, ಕಬ್ಬಿಣದ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಚೂರುಪಾರು ಇರುತ್ತವೆ. ಒಂದೊಂದೂ ತನಗೆ ಒಗ್ಗುವ ಅಲೆಯುದ್ದದ ನೇರಳಾತೀತ ಬೆಳಕನ್ನು ಮಾತ್ರ ಹೀರುತ್ತದೆ. ಹೀರಿದಾಗ ಹೊರಮುಖವಾಗಿ ಒಂದು ತಳ್ಳು ಸಿಗುತ್ತದೆ. ಕೆಳಗಿನ ಪದರ ಆ ಬೆಳಕನ್ನೆಲ್ಲ ಮೊದಲೇ ಹೀರಿಬಿಟ್ಟರೆ ಮೇಲಿನದಕ್ಕೆ ಏನೂ ಉಳಿಯಬಾರದು, ಅಲ್ವಾ? ಚಮತ್ಕಾರ ಇರುವುದೇ ಇಲ್ಲಿ. ಅಯಾನು ವೇಗ ಹಿಡಿದಂತೆ, ಡಾಪ್ಲರ್ ಪರಿಣಾಮದಿಂದ ಅದು ಹೀರುವ ಬೆಳಕೂ ಕೊಂಚ ಸರಿಯುತ್ತದೆ. ಹಾಗಾಗಿ ಇನ್ನೂ ಯಾರೂ ಮುಟ್ಟದ ಬೆಳಕು ಸಿಗುತ್ತದೆ, ಮತ್ತೆ ತಳ್ಳು, ಮತ್ತೆ ವೇಗ. ಇದರ ಲೆಕ್ಕವನ್ನು 1975ರಲ್ಲಿ ಕ್ಯಾಸ್ಟರ್, ಆಬಟ್ ಮತ್ತು ಕ್ಲೈನ್ ಎಂಬ ಖಗೋಳವಿಜ್ಞಾನಿಗಳು ಬಿಡಿಸಿಟ್ಟರು. ಇಂದಿಗೂ ನಾವು ಶುರು ಮಾಡುವುದು ಅಲ್ಲಿಂದಲೇ.

ಇಂಥ ಗಾಳಿ ಸುತ್ತಲಿನ ಅನಿಲಕ್ಕೆ ಬಡಿದಾಗ ಲಕ್ಷಾಂತರ ಡಿಗ್ರಿ ಕಾಯುತ್ತದೆ. ಆ ಬಿಸಿಯ ಒತ್ತಡಕ್ಕೆ ಗುಳ್ಳೆ ಉಬ್ಬುತ್ತದೆ, ಎದುರಿಗೆ ಸಿಕ್ಕ ತಣ್ಣನೆಯ ಅನಿಲ ಅದರ ಅಂಚಿನಲ್ಲಿ ಚಿಪ್ಪಿನಂತೆ ಸೇರಿಕೊಳ್ಳುತ್ತದೆ. ಕುಂತಿ ನಕ್ಷತ್ರಪುಂಜದ ಗುಳ್ಳೆ ನಿಹಾರಿಕೆ ಸುಮಾರು 7 ಜ್ಯೋತಿರ್ವರ್ಷ ಅಗಲ. ಅದನ್ನು ಊದಿದ ನಕ್ಷತ್ರ ಮಧ್ಯದಲ್ಲಿಲ್ಲ, ಒಂದು ಬದಿಗಿದೆ. ಆ ಬದಿಯಲ್ಲಿ ಅನಿಲ ದಟ್ಟವಾಗಿರುವುದರಿಂದ ಗುಳ್ಳೆ ಅತ್ತ ಜಾಸ್ತಿ ಬೆಳೆಯಲಾಗಿಲ್ಲ.

ತಕರಾರು ಬರುವುದು ಇನ್ನೊಂದು ಕಡೆ. ಇದೇ ನಕ್ಷತ್ರಗಳ ನೇರಳಾತೀತ ಬೆಳಕು ನೇರವಾಗಿಯೂ ಅನಿಲವನ್ನು 10,000 ಡಿಗ್ರಿಗೆ ಕಾಯಿಸಿ ಹಿಗ್ಗಿಸುತ್ತದೆ. ತೂತು ಕೊರೆದದ್ದು ಗಾಳಿಯೋ, ಬೆಳಕಿನ ಬಿಸಿಯೋ? ಫೋಟೊ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ವೇಗ ಅಳೆಯಬೇಕು.

ಮಹಾವ್ಯಾಧ (ಓರಿಯನ್) ನಿಹಾರಿಕೆಯಲ್ಲಿ ಹಾಗೆ ಅಳೆದರು. ಅಯಾನೀಕೃತ ಕಾರ್ಬನ್ 158 ಮೈಕ್ರೋಮೀಟರ್ ಅಲೆಯುದ್ದದಲ್ಲಿ ಬೆಳಗುತ್ತದೆ. ನಮ್ಮ ವಾತಾವರಣದ ನೀರಾವಿ ಅದನ್ನು ನೆಲಕ್ಕೆ ಬರಗೊಡುವುದಿಲ್ಲ. ಅದಕ್ಕೇ ಬೋಯಿಂಗ್ 747 ವಿಮಾನದೊಳಗೆ ದೂರದರ್ಶಕ ಕೂರಿಸಿದ ಸೋಫಿಯಾ ವೀಕ್ಷಣಾಲಯ ಬಳಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಲ್ಲಿನ ಥೀಟಾ-1 ಓರಿಯನಿಸ್ ಸಿ ಎಂಬ ಬಿಸಿ ನಕ್ಷತ್ರದ ಸುತ್ತಲಿನ ಚಿಪ್ಪು ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ. ಅದರ ತೂಕ ಸಾವಿರಕ್ಕೂ ಹೆಚ್ಚು ಸೂರ್ಯರಷ್ಟು. ಅಷ್ಟನ್ನು ನೂಕುತ್ತಿರುವುದು ಮುಖ್ಯವಾಗಿ ಆ ಒಂದೇ ನಕ್ಷತ್ರದ ಗಾಳಿ.

ಎಲ್ಲ ಕಡೆಯೂ ಗಾಳಿಯೇ ಗೆದ್ದಿದೆ ಎನ್ನಲಾಗದು. ಅನೇಕ ಗುಳ್ಳೆಗಳೊಳಗಿನ ಬಿಸಿ ಅನಿಲದ ಎಕ್ಸ್-ರೇ ಹೊಳಪು ಹಳೆಯ ಲೆಕ್ಕಕ್ಕಿಂತ ಕಡಿಮೆಯಿದೆ. ಅಂದರೆ ಒಳಗಿನ ಬಿಸಿ ಎಲ್ಲೋ ಖರ್ಚಾಗುತ್ತಿದೆ. ಒಂದೋ ಬಿಸಿ ಅನಿಲ ಚಿಪ್ಪಿನ ಬಿರುಕುಗಳಿಂದ ಸೋರುತ್ತದೆ, ಇಲ್ಲವೇ ಅಂಚಿನಲ್ಲಿ ತಣ್ಣನೆಯ ಅನಿಲದೊಂದಿಗೆ ಬೆರೆತು ಬೇಗ ಆರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಮಹಾವ್ಯಾಧದಲ್ಲೇ ಸುಮಾರು 20 ಲಕ್ಷ ಡಿಗ್ರಿ ಬಿಸಿಯ ಅನಿಲ ಪಕ್ಕದ ದೊಡ್ಡ ಗುಳ್ಳೆಯತ್ತ ಹರಿಯುತ್ತಿರುವಂತೆ ಎಕ್ಸ್-ರೇ ದೂರದರ್ಶಕಕ್ಕೆ ಕಂಡಿದೆ, ಹಾಗಾಗಿ ಸೋರಿಕೆಯನ್ನು ತಳ್ಳಿಹಾಕುವ ಹಾಗಿಲ್ಲ.